ಕೆಂಪು ಪೊಟ್ಟಣ, ನೀಲಿ ಪೊಟ್ಟಣ

ಕೊನೆಯ ಡಬ್ಬಿಯನ್ನು ಬೆಂಕಿಗೆ ಹಾಕಲು ಶಿವರಂಜಿನಿಗೆ ಕೈ ಬರಲಿಲ್ಲ. ಅದನ್ನು ತಮ್ಮ ಪುಟ್ಟರಾಜುವಿಗೆಂದು ಎತ್ತಿಟ್ಟಿದ್ದಳು.

ಬದನಗುಪ್ಪೆಯ ಸರ್ಕಾರಿ ಸಂಶೋಧನಾ ಕೇಂದ್ರದಲ್ಲಿ ಅವಳು ವಿಜ್ಞಾನಿ. ವಂಶದಿಂದ ಬರುವ ಒಂದು ರಕ್ತದ ಕಾಯಿಲೆಗೆ ಪುಡಿಯೊಂದನ್ನು ಕಂಡುಹಿಡಿದಿದ್ದಳು. ಅದೇ ಕಾಯಿಲೆಯಿಂದ ಪುಟ್ಟರಾಜು ಗುಂಡ್ಲುಪೇಟೆಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದ. ಆದರೆ ಪ್ರಯೋಗ ಮುಗಿಯುವ ತನಕ ಸ್ವಂತದವರಿಗೆ ಒಂದು ಚಿಟಿಕೆಯನ್ನೂ ಕೊಡುವಂತಿರಲಿಲ್ಲ. ನಿಯಮಕ್ಕೆ ಕರುಳೆಲ್ಲಿ?

ಪ್ರಯೋಗ ನಡೆದದ್ದು ತೆರಕಣಾಂಬಿಯಲ್ಲಿ. ಕಾಯಿಲೆಯವರಲ್ಲಿ ಅರ್ಧ ಜನಕ್ಕೆ ಕೆಂಪು ಪೊಟ್ಟಣ, ಇನ್ನರ್ಧ ಜನಕ್ಕೆ ನೀಲಿ. ಒಂದರಲ್ಲಿ ಔಷಧಿ, ಇನ್ನೊಂದರಲ್ಲಿ ಬರೀ ಹಿಟ್ಟು. ಯಾವುದರಲ್ಲಿ ಯಾವುದೆಂದು ಅವಳಿಗೂ ತಿಳಿಸಿರಲಿಲ್ಲ. ದಿನಾ ಬೆಳಿಗ್ಗೆ ಅದನ್ನು ಹಾಲಿಗೆ ಬೆರೆಸಿ ಕುಡಿಸುವ ಕೆಲಸ ಗುರುಮಲ್ಲಮ್ಮನದು. ಊರಿನ ಮಠದ ದಾಸೋಹದಲ್ಲಿ ಬಡಿಸಿ ಬಡಿಸಿ ಕೈ ಪಳಗಿದ್ದ ಹೆಂಗಸು.

ಇವತ್ತು ಗುಟ್ಟು ಬಿಚ್ಚಿದರು. ಔಷಧಿಯ ಗುಂಪಿನವರು ಕೊಂಚ ಚೇತರಿಸಿಕೊಂಡಿದ್ದರು. ಹಿಟ್ಟಿನ ಗುಂಪಿನವರೂ ಅಷ್ಟೇ ಚೇತರಿಸಿಕೊಂಡಿದ್ದರು!

"ಗುಣ ಮಾಡಿರೋದು ಹಾಲು ಮೇಡಂ, ನಿಮ್ಮ ಪುಡಿಯಲ್ಲ," ಎಂದರು ನಿರ್ದೇಶಕ ರಾಜಶೇಖರ್. ಅನುದಾನ ನಿಂತಿತು. ಉಳಿದ ಪುಡಿಯನ್ನೆಲ್ಲ ಇವತ್ತೇ ಸುಡಬೇಕೆಂದು ಆದೇಶವಾಯಿತು. ಹೊಸದಾಗಿ ತಯಾರಿಸುವುದಾದರೆ ಒಂದು ವರ್ಷ ಬೇಕು. ಪುಟ್ಟರಾಜುವಿಗೆ ಅಷ್ಟು ಕಾಲವಿಲ್ಲವೆಂದು ವೈದ್ಯರು ಹೇಳಿಯಾಗಿತ್ತು.

ಡಬ್ಬಿ ಕೈಯಲ್ಲಿರುವಾಗಲೇ ಅವನ ಫೋನ್ ಬಂತು.

"ಅಕ್ಕಾ, ನಿನ್ ಔಸ್ದಿ ಪಾಸಾಯ್ತಾ?"

ಫೋನ್ ಇಟ್ಟುಬಿಟ್ಟಳು. ಹಿಟ್ಟಿಗಿಂತ ಹೆಚ್ಚಲ್ಲದ ಪುಡಿ ಕುಡಿಸಿ, ಸಾಯುತ್ತಿರುವ ತಮ್ಮನಿಗೆ ಸುಳ್ಳು ಆಸೆ ಹುಟ್ಟಿಸುವುದೇ? ಆ ಡಬ್ಬಿಯನ್ನೂ ಸುಟ್ಟಳು.

ಸಂಜೆ, ಕೆಲಸ ನಿಂತಿತೆಂದು ತಿಳಿಸಲು ತೆರಕಣಾಂಬಿಗೆ ಹೊರಟಳು. ದಾರಿಯಲ್ಲಿ ತಲೆಗೊಂದು ಹುಳ ಹೊಕ್ಕಿತು. ಹೋದವಳೇ ಕೇಳಿಬಿಟ್ಟಳು.

"ನಿಜ ಹೇಳಿ ಗುರುಮಲ್ಲಮ್ಮಾ. ಪೊಟ್ಟಣ ಕದ್ದು ಯಾರಿಗಾದರೂ ಮಾರಿಕೊಂಡ್ರಾ?"

ಗುರುಮಲ್ಲಮ್ಮ ಎದೆಯ ಮೇಲಿನ ಲಿಂಗ ಮುಟ್ಟಿಕೊಂಡಳು. "ಮಾದಪ್ಪನಾಣೆ ಇಲ್ಲ ಕಣವ್ವ! ಒಂದು ಚಿಟ್ಕೆನೂ ಮನೆಗೆ ತಕಂಡೋಗಿಲ್ಲ. ಎಲ್ಲಾ ಅವ್ರ ಒಟ್ಟೆಗೇ ಓಗದೆ."

ಆ ಮುಖದಲ್ಲಿ ಸುಳ್ಳಿರಲಿಲ್ಲ. ಹಾಗಾದರೆ ಪುಡಿಯೇ ದಂಡ. ಶಿವರಂಜಿನಿ ಜಗಲಿಯ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ತಮ್ಮ ಉಳಿಯುವುದಿಲ್ಲ ಎಂದು ಮೊದಲ ಸಲ ಬಾಯಿಬಿಟ್ಟು ಹೇಳಿದಳು.

ಗುರುಮಲ್ಲಮ್ಮ ಅವಳ ತಲೆ ಸವರಿದಳು. "ಅಳ್ಬ್ಯಾಡ ಕಣವ್ವ. ನಿನ್ ಕೆಲ್ಸ ನಾನು ನೇಮವಾಗೇ ಮಾಡಿವ್ನಿ. ಮಠದಲ್ಲಿ ಬಡ್ಸೋಳು ನಾನು, ಒಂದೇ ಸಾಲಲ್ಲಿ ಕುಂತೋರ್ಗೆ ಅರ್ಧ ಜನಕ್ಕೆ ಔಸ್ದಿ, ಅರ್ಧ ಜನಕ್ಕೆ ಇಟ್ಟು ಅಂತ ಪಂಕ್ತಿಬೇದ ಮಾಡಕಾದದಾ? ದಿನಾಲೂ ಎರಡು ಬಣ್ಣದ್ದನ್ನೂ ಒಂದೇ ಕೊಳಗಕ್ಕೆ ಸುರ್ದು, ಎಲ್ರಿಗೂ ಸಮವಾಗಿ ಬಡಿಸ್ಬುಟ್ಟೆ."