ಸುಳಿವಿಲ್ಲದ ಕೊನೆ

ಕಳ್ಳ ಯಾರೆಂದು ಜ್ಞಾನೇಶನಿಗೆ ಆಟದ ಎರಡನೆಯ ಕಂತಿನಲ್ಲೇ ಗೊತ್ತಾಗಿತ್ತು. ಮಂತ್ರಿ. ಮೂರರಲ್ಲಿ ಅಡುಗೆಯವನ ಮೇಲೆ ಕೊಂಚ ಅನುಮಾನ ಬಂತು, ನಾಲ್ಕರಲ್ಲಿ ಮತ್ತೆ ಮಂತ್ರಿಯೇ ಎಂದು ಖಾತ್ರಿಯಾಯಿತು. ಐದನೆಯ, ಅಂದರೆ ಕೊನೆಯ ಕಂತಿನಲ್ಲಿ ಆಟವೇ ಬಾಯಿಬಿಟ್ಟಿತು. ಅರಮನೆಯ ಕಣಜದಿಂದ ಮುತ್ತು ಕದ್ದವಳು ರಾಜಕುಮಾರನ ಹೆತ್ತ ತಾಯಿ. ಕದ್ದದ್ದು ಸೊಸೆಗೆ ಹಡಗು ಕಟ್ಟಿಸಿಕೊಡಲಿಕ್ಕೆ.

ಜ್ಞಾನೇಶ ಮೊಬೈಲನ್ನು ಹಾಸಿಗೆಯ ಮೇಲೆ ಎಸೆದ.

‘ಮುತ್ತಿನ ಕಣಜ’ ಎಂಬ ಆ ಆಟ ಕಂತುಕಂತಾಗಿ ಬಂದಿತ್ತು. ಅಜ್ಜಿಕಥೆಯಂಥ ಕಥೆ, ಆಡುವವನೇ ರಾಜಕುಮಾರ. ಯಾರನ್ನು ವಿಚಾರಿಸುತ್ತೀಯ, ಯಾರನ್ನು ಹಿಡಿಸುತ್ತೀಯ ಎಂದು ಹೆಜ್ಜೆಹೆಜ್ಜೆಗೂ ಕೇಳುತ್ತಿತ್ತು. ಪ್ರತಿ ಕಂತಿನಲ್ಲೂ ‘ಅಮ್ಮನನ್ನು ಕೇಳು’ ಎಂಬ ಗುಂಡಿ ಇತ್ತು. ಒಳಮನೆಯ ಮುದುಕಿಗೆ ಏನು ಗೊತ್ತಿರುತ್ತದೆ ಎಂದು ಅವನು ಅದನ್ನು ಒಮ್ಮೆಯೂ ಒತ್ತಿರಲಿಲ್ಲ.

ಹಾಲ್ಕುರಿಕೆಯ ಈ ಜ್ಞಾನೇಶನಿಗೆ ತೆಂಗಿನ ತೋಟ ಅಪ್ಪನಿಂದ ಬಂದದ್ದು, ಮೀಸೆ ತಾತನಿಂದ ಬಂದದ್ದು. ಸ್ವಂತ ಸಂಪಾದನೆ ಎಂದರೆ ಯೂಟ್ಯೂಬಿನ ‘ಹದ್ದಿನ ಕಣ್ಣು’ ಚಾನೆಲ್ ಮಾತ್ರ. ಆಟ ಆಡುವುದು, ಆಡಿಸಿದವರನ್ನು ಬೈಯುವುದು, ಇಷ್ಟೇ ಅದರ ಕಸುಬು. ತನ್ನ ಕಣ್ಣು ತಪ್ಪಿಸಿ ಯಾವ ಸುಳಿವೂ ಹೋಗುವುದಿಲ್ಲ ಎಂಬುದು ಅವನ ದೊಡ್ಡ ಹೆಮ್ಮೆ. ಆ ಹೆಮ್ಮೆಗೇ ಈಗ ಏಟು ಬಿದ್ದಿತ್ತು.

ಅವತ್ತೇ ಲೈವ್ ಬಂದ.

“ಐದು ಕಂತು ಕಾಯಿಸಿ, ಮುದುಕಿ ಕದ್ದಳು ಅಂತೀರಲ್ಲ, ಒಂದು ಸುಳಿವು ಬೇಡ್ವೇನ್ರೀ? ಅದೂ ಸೊಸೆಗೋಸ್ಕರ? ಅತ್ತೆ ಸೊಸೆ ಒಂದಾಗಿ ಮಗನ ಕಣ್ಣಿಗೆ ಮಣ್ಣೆರಚಿದ ಒಂದೇ ಒಂದು ಮನೆ ತೋರಿಸಿ. ಇದೇ ಲೈವಲ್ಲಿ ಅರ್ಧ ಮೀಸೆ ಬೋಳಿಸ್ಕತೀನಿ.”

ಮೇಲೆ ಅಟ್ಟದಲ್ಲಿ ಲೊಟಲೊಟ ಸದ್ದು. ಕೊಬ್ಬರಿಗೆಂದು ಅಟ್ಟದಲ್ಲಿಟ್ಟು ವರ್ಷ ತುಂಬಿದ ತೆಂಗಿನಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ, ಒಳಗೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಲೊಟಗುಟ್ಟಬೇಕು. ನೀರಾಡಿದರೆ ಇನ್ನೂ ಕಾಯಬೇಕು. ಆ ಮನೆಯಲ್ಲಿ ಅದನ್ನು ಬಲ್ಲ ಕಿವಿ ತಾಯಿ ಶಿವರುದ್ರಮ್ಮನದು. ದೂಳಿಗೆ ಸೀನು ಬರುತ್ತದೆಂದು ಜ್ಞಾನೇಶ ಅಟ್ಟ ಹತ್ತಿ ವರ್ಷಗಳೇ ಆಗಿದ್ದವು. ಅವ್ವ ಇಳಿಸಿಕೊಟ್ಟಷ್ಟು ಕಾಯಿ, ಅವನು ತಿಪಟೂರಿನ ಮಂಡಿಗೆ ಒಯ್ದಷ್ಟು ಕೊಬ್ಬರಿ; ಲೆಕ್ಕ ಕೇಳಿದವನಲ್ಲ.

“ಅವ್ವ, ಲೈವಲ್ಲಿದೀನಿ. ಎಷ್ಟೊತ್ತು ಅಲ್ಲಾಡಿಸ್ತೀಯ?”

“ಆಯ್ತು ಕಣಪ್ಪ. ಈ ವರ್ಷ ಕಾಯಿ ಕಮ್ಮಿ. ಇಲಿ ಕಾಟ.”

“ಬೋನಿಡು.”

“ಬೋನಿಗೆ ಬೀಳೋ ಇಲಿಗಳಲ್ಲ ಇವು.”

ಹೆಂಡತಿ ಭಾನುಪ್ರಿಯಾ ಕಾಫಿ ತಂದಿಟ್ಟಳು. “ಆ ಗುಂಡಿ ಒಂದ್ಸಲ ಒತ್ತಿದ್ರೆ ಗೊತ್ತಾಗ್ತಿತ್ತೇನೋ ರೀ.”

“ನಿಂಗೆ ಇದೆಲ್ಲ ಅರ್ಥ ಆಗಲ್ಲ, ಬುಡು.”

ಬಿಟ್ಟಳು. ಭಾರದ ಚೀಲವೊಂದನ್ನು ಹೆಗಲಿಗೇರಿಸಿ ಮಹಿಳಾ ಸಂಘದ ಮೀಟಿಂಗಿಗೆ ಹೊರಟಳು. ಈಚೆಗೆ ವಾರಕ್ಕೆ ಮೂರು ಮೀಟಿಂಗು. ಎರಡು ವರ್ಷದ ಹಿಂದೆ ಅವಳು ಕೊಬ್ಬರಿ ಎಣ್ಣೆಯ ಗಾಣ ಹಾಕುವ ಆಸೆ ಹೇಳಿಕೊಂಡಿದ್ದಳು. “ನಮ್ಮನೇಲಿ ಎಣ್ಣೆ ಮಾರೋ ಗತಿ ಬಂದಿಲ್ಲ” ಎಂದು ಜ್ಞಾನೇಶ ಒಂದೇ ಮಾತಿಗೆ ಮುಗಿಸಿದ್ದ. ಅವಳು ಮತ್ತೆ ಆ ಮಾತೆತ್ತಲಿಲ್ಲ. ಎತ್ತಲಿಲ್ಲವಾದ್ದರಿಂದ ಮರೆತಿದ್ದಾಳೆ ಎಂಬುದು ಹದ್ದಿನ ಕಣ್ಣಿನ ಪತ್ತೇದಾರಿಕೆ.

ವಿಡಿಯೊ ಓಡಿತು. ಊರೂರಿನವರು ಬಂದು ಆ ಕೊನೆಗೆ ಉಗಿದರು. ಹೆಸರಿಲ್ಲದ ಒಬ್ಬರು ಮಾತ್ರ ಪ್ರತಿ ವಿಡಿಯೊದ ಕೆಳಗೂ ಒಂದೇ ಮಾತು ಬರೆಯುತ್ತಿದ್ದರು: “ಅಮ್ಮನನ್ನು ಒಂದು ಸಲವಾದರೂ ಕೇಳಿದಿರಾ?” ಜ್ಞಾನೇಶ ಲೈವಿನಲ್ಲೇ ಉತ್ತರ ಕೊಟ್ಟ: “ಹದ್ದು ಹೋಗಿ ಕೋಳಿ ಹತ್ರ ದಾರಿ ಕೇಳುತ್ತೇನ್ರೀ?” ಸಾವಿರ ಜನ ನಕ್ಕರು. ಅಡುಗೆಮನೆಯಲ್ಲೂ ಯಾರೋ ಇಬ್ಬರು ನಕ್ಕಂತೆ ಕೇಳಿಸಿತು. ತನ್ನ ಹಾಸ್ಯ ಮನೆಯವರಿಗೂ ಹಿಡಿಸಿತಲ್ಲ ಎಂದು ಹಿಗ್ಗಿದ.

ಮಾರನೆಯ ವಾರ ರಯೀಸ್ ಫೋನು ಮಾಡಿದ. ತಿಪಟೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಗೆಳೆಯ. ಚಾನೆಲ್ಲಿನ ಕ್ಯಾಮೆರಾ ಕೆಲಸವೂ ಅವನದೇ.

“ಜಾಹೀರಾತು ಬಂದೈತೆ ಕಣ್ಲಾ. ತುರುವೇಕೆರೆ ಎಣ್ಣೆ ಪಾರ್ಟಿ. ಹೊಸ ಅಂಗಡಿ ಟೇಪ್ ಕತ್ತರಿಸೋಕೆ ನೀನೇ ಬೇಕಂತೆ. ಲೈವೂ ಬೇಕಂತೆ.”

“ನನ್ನ ವಿಡಿಯೊ ನೋಡ್ತಾರಾ?”

“ಒಂದೂ ಬಿಟ್ಟಿಲ್ವಂತೆ. ಬ್ಯಾಡ ಅಂದ್ರೂ ಕಿವಿಗೆ ಬೀಳ್ತದಂತೆ.”

ಜ್ಞಾನೇಶ ಮೀಸೆ ತೀಡಿಕೊಂಡ. ಕೀರ್ತಿ ಎಂದರೆ ಹೀಗಿರಬೇಕು ಅನ್ನಿಸಿತು.

ಟೇಪು ಕತ್ತರಿಸುವ ದಿನ ಬೆಳಿಗ್ಗೆ ಭಾನುಪ್ರಿಯಾ ಮೀಟಿಂಗಿಗೆ ಹೋಗಿದ್ದಳು. ಶಿವರುದ್ರಮ್ಮ ಅರಳಗುಪ್ಪೆಯ ತಂಗಿಯ ಮನೆಗೆಂದು ಹೊಸ ಸೀರೆ ಉಟ್ಟು ಹೊರಟಿದ್ದಳು. ದಾರಿಯಲ್ಲಿ ರಯೀಸ್ ಬೈಕು ನಿಲ್ಲಿಸಿ ಅಂಗಡಿಯೊಂದರಲ್ಲಿ ರೇಜರ್ ಕೊಂಡ.

“ಗಡ್ಡ ಬಿಟ್ಟೋನಿಗೆ ರೇಜರ್ ಯಾಕ್ಲಾ?”

“ಬೇಕಾಗ್ತದೆ, ಬುಡು.”

ತುರುವೇಕೆರೆಯ ಅಂಗಡಿಯ ಮುಂದೆ ಸಂಘದ ಹೆಂಗಸರು ಕುರ್ಚಿ ಹಾಕಿಕೊಂಡು ಕೂತಿದ್ದರು. ಹೊಸ ಎಣ್ಣೆಯ ಘಮ ಬೀದಿಯ ತುಂಬ ಇತ್ತು. ಇದೇ ಘಮ ಎಲ್ಲೋ ಮೂಗಿಗೆ ಬಡಿದಿತ್ತಲ್ಲ ಎಂದು ಜ್ಞಾನೇಶನಿಗೆ ಒಂದು ಕ್ಷಣ ಅನ್ನಿಸಿತು. ಹೆಂಡತಿಯ ಸೆರಗು ನೆನಪಾಗಲಿಲ್ಲ. ಲೈವಿನಲ್ಲಿ ಆಗಲೇ ಸಾವಿರಾರು ಜನ ಸೇರಿದ್ದರು. ಅವನು ಕತ್ತರಿ ಹಿಡಿದು ಹಲ್ಲುಬಿಟ್ಟ.

“ಆ ಆಟದ ಕೊನೆಯಂತೂ ನೆಲಕಚ್ತು. ಇವತ್ತು ಒಂದು ಒಳ್ಳೆ ಆರಂಭ ತೋರಿಸ್ತೀನಿ ಬನ್ನಿ.”

ಟೇಪು ಕತ್ತರಿಸಿದ. ಚಪ್ಪಾಳೆ ಬಿತ್ತು. ರಯೀಸ್ ರೋಲಿಂಗ್ ಶಟರನ್ನು ಮೇಲೆತ್ತಿ, ಮೊಬೈಲನ್ನು ಒಳಕ್ಕೆ ತಿರುಗಿಸಿ, ಇನ್ನೊಂದು ಕೈಯನ್ನು ರೇಜರಿದ್ದ ಜೇಬಿಗೆ ಹಾಕಿದ. ಒಳಗೆ ಭಾನುಪ್ರಿಯಾ ಬಾಟಲಿಗಳಿಗೆ ಎಣ್ಣೆ ತುಂಬುತ್ತಿದ್ದಳು. ಪಕ್ಕದಲ್ಲಿ ಹೊಸ ಸೀರೆಯ ಶಿವರುದ್ರಮ್ಮ ಗಾಣಕ್ಕೆ ಕೊಬ್ಬರಿ ಚೂರು ಸುರಿಯುವುದನ್ನು ನಿಲ್ಲಿಸಿ, ಮಗನನ್ನು ನೋಡಿ ಸೆರಗಿಗೆ ಕೈ ಒರೆಸಿಕೊಂಡಳು.

“ಅಟ್ಟದಲ್ಲಿ ಇಲಿ ಅಂದಿದ್ನಲ್ಲ, ಅದು ನಾವೇ ಕಣಪ್ಪ.”