ಸಾಹೇಬರ ಪಾನು

ನಿಂಬರ್ಗಾದ ಸಂತೆ ಉಳಿಸಿಕೊಡಿ ಎಂದು ಕೇಳಲು ಊರಿನ ಪರವಾಗಿ ಬಂದು, ತಹಶೀಲ್ದಾರ ಸಾಹೇಬರಿಗೆ ಸಲಾಂ ಮಾಡಿದ ನಿಂಬೆವ್ವ, ಧರ್ಮಣ್ಣ ಇನ್ನೂ ಬಾಯಿ ತೆರೆದಿರಲಿಲ್ಲ, ಅಷ್ಟರಲ್ಲೇ ಜವಾನ ಪಾನಿನ ತಬಕು ತಂದು ಹಿಡಿದ. ಸಾಹೇಬರ ಮನೆಗೆ ಕಾಯಿಪಲ್ಯೆ ಕೊಡುವ ನಿಂಬೆವ್ವನಿಗೆ ಇಲ್ಲಿನ ರಿವಾಜು ಗೊತ್ತಿತ್ತು: ಪಾನು ಕೊಟ್ಟರೆಂದರೆ ಮಾತು ಮುಗಿಯಿತು, ಇನ್ನು ಹೊರಡಿ ಎಂದರ್ಥ. ನಿಂಬರ್ಗಾದ ಸಂತೆ ಮುಚ್ಚಿಸಿ, ತೊಗರಿ, ಜೋಳವೆಲ್ಲ ತಮ್ಮ ಅಂಗಡಿಗೇ ಬರಬೇಕೆಂದು ಪೇಟೆಯ ಸೇಠರು ಈಗಷ್ಟೇ ತಾಸುಗಟ್ಟಲೆ ಮಾತಾಡಿ, ಕೆಂಪು ಬಾಯಲ್ಲಿ ನಗುತ್ತ ಹೊರಬಿದ್ದಿದ್ದರು. ಹುಕುಂ ಮೇಜಿನ ಮೇಲಿತ್ತು. ಸಹಿಯೊಂದೇ ಬಾಕಿ.

ಕಚೇರಿಯ ಉರ್ದು ಬಲ್ಲವನೆಂದು ಊರು ಕಳಿಸಿದ್ದ ಧರ್ಮಣ್ಣ, ಮರ್ಯಾದೆ ಸಿಕ್ಕಿತೆಂದು ಹಿಗ್ಗಿ ಪಾನನ್ನು ಬಾಯಿಗೆ ತುರುಕಿಕೊಂಡೇಬಿಟ್ಟ. ಈಗ ನುಂಗುವಂತಿಲ್ಲ, ಉಗುಳುವಂತಿಲ್ಲ, ಸಾಹೇಬರೆದುರು ತುಂಬಿದ ಬಾಯಿ ತೆರೆಯುವಂತೆಯೂ ಇಲ್ಲ. ಸಾಹೇಬರು ಲೇಖಣಿಯನ್ನು ಮಸಿಯಲ್ಲಿ ಅದ್ದಿದರು.

ತಬಕು ನಿಂಬೆವ್ವನ ಮುಂದೆ ಬಂತು. ಬೇಡವೆಂದರೆ ಸಾಹೇಬರಿಗೆ ಅವಮಾನ. ಅವಳು ಪಾನನ್ನು ಎರಡೂ ಕೈಯಿಂದ ತೆಗೆದುಕೊಂಡು ಹಣೆಗೊತ್ತಿದಳು. ಸೆರಗಿನ ತುದಿಯಲ್ಲಿಟ್ಟು ಗಂಟು ಹಾಕಿದಳು. ಆಮೇಲೆ ಅಲ್ಲೇ ಜಮಖಾನೆಯ ಮೇಲೆ ಕೂತುಬಿಟ್ಟಳು.

“ಏಳಬೇ, ಹೊರಗ ನಡಿ!” ಜವಾನ ಗದರಿದ.

“ನೀವು ಕೊಟ್ಟ ಪಾನ್ ಒಲ್ಲೆ ಅನ್ನಂಗಿಲ್ರಿ, ಸಾಹೇಬ್ರ.” ನಿಂಬೆವ್ವ ಸೆರಗಿನ ಗಂಟನ್ನು ಎತ್ತಿ ತೋರಿಸಿದಳು. “ಸೇಠರು ಮಾತಾಡಿ ತಿಂದ್ರು. ನಾನೂ ಮಾತಾಡೇ ತಿಂತೇನಿ.”

ಸಾಹೇಬರಿಗೆ ಕನ್ನಡ ತಿಳಿಯಿತೋ ಇಲ್ಲವೋ ಎಂದು ಧರ್ಮಣ್ಣ ಅವರ ಮುಖವನ್ನೇ ನೋಡಿದ. ಲೇಖಣಿಯ ತುದಿಯಿಂದ ಮಸಿ ತೊಟ್ಟಿಕ್ಕಿತು. ಸಾಹೇಬರು ಅದನ್ನು ಕೆಳಗಿಟ್ಟು, ತಬಕು ಒಳಗೆ ಒಯ್ಯುವಂತೆ ಜವಾನನಿಗೆ ಕೈಸನ್ನೆ ಮಾಡಿದರು.