ಕೊನೆಯ ಪುಟದಲ್ಲಿ ಇಲ್ಲದ ಉತ್ತರ

ಮನೆಯಲ್ಲಿ ಓದುವ ಮಕ್ಕಳಿದ್ದರೆ ಇದನ್ನು ಅರ್ಧಕ್ಕೆ ಬಿಡಬೇಡಿ... ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡ ಒಬ್ಬ ತಾಯಿಯ ಕಥೆ.

ತುಮಕೂರಿನ ವಿನುತಾ ಎಂ.ಕಾಂ. ಓದಿದವಳು, ಬ್ಯಾಂಕಿನಲ್ಲಿ ಕೆಲಸ. ಯಾವುದಕ್ಕೂ ಕೊರತೆಯಿಲ್ಲ... ಇದ್ದ ಒಂದೇ ಚಿಂತೆ ಐದನೇ ಕ್ಲಾಸಿನ ಮಗಳು ಅನಘಾ.

ದಿನಾ ಸಂಜೆ ಮಗಳ ಮುಂದೆ ಒಂದು ಗದ್ಯಭಾಗ ಇಡುತ್ತಿದ್ದಳು. ಒಂದು ದಿನ ಜೇನುನೊಣ, ಒಂದು ದಿನ ಒಂಟೆಯ ಡುಬ್ಬ, ಇನ್ನೊಂದು ದಿನ ಸೋಪು ಹೇಗೆ ತಯಾರಾಗುತ್ತದೆ ಎಂಬುದು... ಕೆಳಗೆ ಪ್ರಶ್ನೆಗಳು, ಪಕ್ಕದಲ್ಲಿ ಮೊಬೈಲ್ ಟೈಮರ್.

“ಪೂರ್ತಿ ಓದ್ತಾ ಕೂರಬೇಡ ಪುಟ್ಟಿ. ಪ್ರಶ್ನೆಲಿರೋ ಪದ ಮೇಲೆ ಎಲ್ಲಿದೆ ಹುಡುಕು... ಆ ಸಾಲು ಹಾಗೇ ಎತ್ತಿ ಬರಿ.” ಇದು ತಾಯಿ ಹೇಳಿಕೊಟ್ಟ ಉಪಾಯ.

ಆದರೆ ಅನಘಾ ಪೂರ್ತಿಯೇ ಓದುತ್ತಿದ್ದಳು. ಓದಿ, ಕಿಟಕಿಯ ಕಡೆ ನೋಡುತ್ತಾ ಯೋಚಿಸುತ್ತಿದ್ದಳು. ಟೈಮರ್ ಬಡಿದುಕೊಳ್ಳುವ ಹೊತ್ತಿಗೆ ಅರ್ಧ ಪ್ರಶ್ನೆಗಳು ಹಾಗೇ ಉಳಿದಿರುತ್ತಿದ್ದವು.

ಬರೆದದ್ದಾದರೂ ಪುಸ್ತಕದ ಕೊನೆಯ ಪುಟದ ಉತ್ತರಕ್ಕೆ ತಾಳೆಯಾಗಬೇಕಲ್ಲ... ಅದೂ ಇಲ್ಲ. ವಿನುತಾ ಕೊನೆಯ ಪುಟ ನೋಡುವುದು, ಕೆಂಪು ಪೆನ್ನಿನಲ್ಲಿ ತಪ್ಪು ಹಾಕುವುದು. ಗದ್ಯಭಾಗ ಓದುವಷ್ಟು ಪುರುಸೊತ್ತು ಆ ತಾಯಿಗೆ ಎಲ್ಲಿತ್ತು ಹೇಳಿ.

ಕೊನೆಗೆ ಒಂದು ತೀರ್ಮಾನಕ್ಕೆ ಬಂದಳು. “ಇವಳಿಗೆ ಓದಿದ್ದು ಅರ್ಥ ಆಗಲ್ಲ. ಆರನೇ ಕ್ಲಾಸಿಗೆ ದೊಡ್ಡ ಸ್ಕೂಲಿನ ಎಂಟ್ರೆನ್ಸ್ ಪಾಸಾಗಬೇಕು ಅಂದ್ರೆ ಕೋಚಿಂಗ್ ಹಾಸ್ಟೆಲ್ಲಿಗೇ ಹಾಕ್ಬೇಕು.” ಗಂಡ “ನಿನ್ನಿಷ್ಟ” ಎಂದು ಕೈ ತೊಳೆದುಕೊಂಡ.

ಅನಘಾ ಅಳಲಿಲ್ಲ, ಹಟ ಮಾಡಲಿಲ್ಲ. ಊಟ ಮಾತ್ರ ಸೇರುತ್ತಿರಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಬಡಿದು ಏನು ಪ್ರಯೋಜನ ಎಂದು ಆ ಪುಟ್ಟ ಜೀವಕ್ಕೆ ಆಗಲೇ ಗೊತ್ತಾದಂತಿತ್ತು.

ಅಡ್ಮಿಷನ್ ದಿನ ಬಂತು. ಆಫೀಸು ಒಂದು ಕಾಂಪ್ಲೆಕ್ಸಿನ ನಾಲ್ಕನೇ ಮಹಡಿಯಲ್ಲಿ. ತಾಯಿ ಮಗಳು ಲಿಫ್ಟ್ ಹತ್ತಿದರು... ಅರ್ಧ ದಾರಿಯಲ್ಲಿ ಕರೆಂಟ್ ಹೋಯಿತು.

ಲಿಫ್ಟು ಗಕ್ಕನೆ ನಿಂತಿತು. ಕಣ್ಣಿಗೆ ಕೈ ಕಾಣದಂಥ ಕತ್ತಲು.

ವಿನುತಾಳ ಜೀವ ಬಾಯಿಗೆ ಬಂತು. ಮೊಬೈಲ್ ತೆಗೆದರೆ ನೆಟ್‌ವರ್ಕ್ ಇಲ್ಲ, ಗಾಬರಿಯಲ್ಲಿ ಅದೂ ಕೈಜಾರಿ ಬಿದ್ದು ಆರಿಹೋಯಿತು. ಬಾಗಿಲು ಗುದ್ದಿದಳು, ಉಗುರು ಮುರಿಯುವ ಹಾಗೆ ಸಂದಿಗೆ ಬೆರಳು ತೂರಿಸಿ ಎಳೆದಳು.

“ಎಳೀಬೇಡಮ್ಮ. ಬಲವಂತವಾಗಿ ತೆಗೆದ್ರೆ ಅಪಾಯ ಅಂತ ಇತ್ತು.”

“ಎಲ್ಲಿ ಇತ್ತೇ?”

“ನೀನೇ ಕೊಟ್ಟಿದ್ದ ಗದ್ಯಭಾಗದಲ್ಲಿ. ಲಿಫ್ಟಿನ ಬಗ್ಗೆ ಇತ್ತಲ್ಲ...”

ವಿನುತಾಳಿಗೆ ನೆನಪಾಗಲಿಲ್ಲ. ಓದಿದ್ದರೆ ತಾನೆ ನೆನಪಾಗುವುದು. ಅವಳಿಗೆ ಎದೆ ಬಿಗಿಯಿತು, ಮೈಯೆಲ್ಲ ಬೆವರಿತು. “ಗಾಳಿನೇ ಇಲ್ಲ ಪುಟ್ಟಿ... ನಂಗೆ ಉಸಿರು ಕಟ್ತಾ ಇದೆ...”

ಕತ್ತಲಲ್ಲಿ ಒಂದು ಪುಟ್ಟ ಕೈ ತಡಕಾಡಿ, ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

“ಗಾಳಿ ಇದೆಯಮ್ಮ. ಲಿಫ್ಟಲ್ಲಿ ಗಾಳಿ ಬರೋಕೆ ಸಂದು ಬಿಟ್ಟಿರ್ತಾರಂತೆ. ಹೆದರಿದಾಗ ಉಸಿರು ಕಟ್ಟಿದ ಹಾಗೆ ಅನ್ಸುತ್ತೆ, ಅಷ್ಟೆ. ನನ್ ಜೊತೆ ನಿಧಾನಕ್ಕೆ ಉಸಿರು ತಗೋ...”

ತಾಯಿಯ ನಡುಕ ಸ್ವಲ್ಪ ನಿಂತ ಮೇಲೆ ಅನಘಾ ಗೋಡೆ ಸವರಿ ಗಂಟೆಯ ಬಟನ್ ಹುಡುಕಿ ಒತ್ತಿದಳು. ಕೆಳಗಿನಿಂದ ವಾಚ್‌ಮನ್ ಕೂಗಿದ. “ಕರೆಂಟ್ ಹೋಗೈತೆ ಕಣಮ್ಮ. ಜನರೇಟರ್ ಹಾಕ್ತೀನಿ, ಗಾಬರಿ ಆಗ್ಬ್ಯಾಡ್ರಿ...”

“ಮೊದಲೇ ಗಂಟೆ ಒತ್ತಬಾರದಿತ್ತಾ ಪುಟ್ಟಿ?” ವಿನುತಾ ಕೇಳಿದಳು.

“ನೀನು ನಡುಗ್ತಿದ್ಯಲ್ಲಮ್ಮ. ಮೊದಲು ಕೈ ಹಿಡ್ಕೋಬೇಕು ಅನ್ನಿಸ್ತು.”

ವಿನುತಾಳಿಗೆ ಆಗ ಹೊಳೆಯಿತು... ‘ಲಿಫ್ಟ್ ಕೆಟ್ಟು ನಿಂತಾಗ ಮೊದಲು ಏನು ಮಾಡಬೇಕು?’ ಎಂಬ ಪ್ರಶ್ನೆ. ಕೊನೆಯ ಪುಟದಲ್ಲಿದ್ದದ್ದು ‘ಗಂಟೆ ಒತ್ತಬೇಕು’. ಮಗಳು ಬರೆದದ್ದು ‘ಹೆದರಿದವರ ಕೈ ಹಿಡಿದುಕೊಳ್ಳಬೇಕು, ಆಮೇಲೆ ಗಂಟೆ ಒತ್ತಬೇಕು’.

ಅದಕ್ಕೆ ಅವಳು ದೊಡ್ಡದಾಗಿ ಕೆಂಪು ತಪ್ಪು ಹಾಕಿದ್ದಳು.

“ನಿಂಗೆ ಭಯ ಆಗ್ತಿಲ್ವಾ?” ಕೇಳಿದಳು ವಿನುತಾ.

“ಆಗ್ತಿದೆ. ಆದ್ರೆ ನೀನಿದೀಯಲ್ಲ...” ಅನಘಾ ಮೆಲ್ಲಗೆ ಕೇಳಿದಳು. “ಅಮ್ಮಾ, ಹಾಸ್ಟೆಲ್ಲಲ್ಲಿ ಕರೆಂಟ್ ಹೋದ್ರೆ ನಾನು ಯಾರ ಕೈ ಹಿಡ್ಕೊಳ್ಳಲಿ?”

ವಿನುತಾಳಿಗೆ ತಡೆಯಲಾಗಲಿಲ್ಲ. ಅಲ್ಲೇ ನೆಲದ ಮೇಲೆ ಕುಸಿದು, ಮಗಳನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ತಾನು ಮಗುವನ್ನು ಎಷ್ಟು ದಿನದಿಂದ ಇಂಥದ್ದೇ ಒಂದು ಡಬ್ಬಿಯೊಳಗೆ ಕೂಡಿಹಾಕಿದ್ದೆ ಎಂದು ಅವಳಿಗೆ ಆಗ ಅರಿವಾಯಿತು.

ಜನರೇಟರ್ ಸದ್ದಾಯಿತು, ದೀಪ ಬಂತು. ಲಿಫ್ಟು ನಾಲ್ಕನೇ ಮಹಡಿಗೇ ಹೋಗಿ ಬಾಗಿಲು ತೆರೆಯಿತು. ಎದುರಿಗೇ ಅಡ್ಮಿಷನ್ ಆಫೀಸು... ಅನಘಾ ತಲೆ ತಗ್ಗಿಸಿ ಆ ಕಡೆ ಹೆಜ್ಜೆ ಇಟ್ಟಳು.

ವಿನುತಾ ಅವಳ ಕೈ ಹಿಡಿದು ಮೆಟ್ಟಿಲ ಕಡೆ ತಿರುಗಿಸಿದಳು. “ಬಾ ಪುಟ್ಟಿ. ಮನೆಗೆ ಹೋಗೋಣ.”

ಮೆಟ್ಟಿಲಲ್ಲಿ ವಾಚ್‌ಮನ್ ಎದುರಾದ. “ಯಾಕಮ್ಮ, ಹೋದ ಕೆಲ್ಸ ಆಗ್ಲಿಲ್ವಾ?”

“ಆಯ್ತಪ್ಪ” ಅಂದಳು ವಿನುತಾ. “ಲಿಫ್ಟಲ್ಲೇ ಆಯ್ತು.”

ಅಂದು ಸಂಜೆ ಅವಳು ಪುಸ್ತಕದ ಕೊನೆಯ ಪುಟಗಳನ್ನು ಒಟ್ಟಿಗೆ ಸೇರಿಸಿ ಪಿನ್ ಹೊಡೆದಳು. ಆಮೇಲೆ ಮಗಳ ಪಕ್ಕ ಕೂತು, ಲಿಫ್ಟಿನ ಗದ್ಯಭಾಗವನ್ನು ಮೊದಲ ಸಾಲಿನಿಂದ ಓದತೊಡಗಿದಳು... ಟೈಮರ್ ಇಲ್ಲದೆ. ಅನಘಾ ಆ ರಾತ್ರಿ ಎರಡನೇ ಸಲ ಅನ್ನ ಹಾಕಿಸಿಕೊಂಡಳು.

*ಉತ್ತರ ತಾಳೆಯಾಗಲಿಲ್ಲ ಎಂದರೆ ಮಗುವಿಗೆ ಅರ್ಥವಾಗಿಲ್ಲ ಎಂದಲ್ಲ... ಮಗು ನಮಗೆ ಅರ್ಥವಾಗಿಲ್ಲ ಎಂದೂ ಇರಬಹುದು.*

ನಿಮ್ಮ ಮಗು ಬರೆದ ಉತ್ತರಕ್ಕೆ ತಪ್ಪು ಹಾಕುವ ಮೊದಲು... ಅದನ್ನು ಹೀಗೇಕೆ ಬರೆದೆ ಎಂದು ಒಮ್ಮೆಯಾದರೂ ಕೇಳಿದ್ದೀರಾ?